ಕಣಗಿಲೆ ಎಂಬ ಮನೆತನ

ಮಲವಗೊಪ್ಪ ಎಂಬ ಊರ ಹೆಸರಿನೊಳಗೆ ಕೊಪ್ಪ ಎಂಬ ಪದ ಕೂತಿದೆ. ಕೊಪ್ಪ ಎಂದರೆ ಸಣ್ಣ ಊರು. ಒಂಟಿಯಾಗಿ ನಿಂತರೆ ಅದು ಕೊಪ್ಪ. ಇನ್ನೊಂದು ಪದದ ಬೆನ್ನಿಗೆ ಬಂದರೆ ಗೊಪ್ಪ. ಸಮಾಸದಲ್ಲಿ ಉತ್ತರಪದದ ಮೊದಲಿನ ಕ, ತ, ಪಗಳು ಗ, ದ, ಬಗಳಾಗುವ ಈ ನಡೆಯನ್ನು 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವಾಗಿ ಹೇಳಿದ್ದಾನೆ. ನಾವು ಶಾಲೆಯಲ್ಲಿ ಆದೇಶ ಸಂಧಿ ಎಂದು ಉರು ಹೊಡೆದದ್ದು ಇದನ್ನೇ. ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿದವರು ಟಿಕೆಟ್ಟಿಗೆ ಊರ ಹೆಸರು ಹೇಳುವಾಗಲೆಲ್ಲ ಆ ಸೂತ್ರವನ್ನು ಬಾಯಲ್ಲಿ ಆಡಿಸುತ್ತಲೇ ಇರುತ್ತಾರೆ.

ಇದೇ ಸೂತ್ರ ಈ ಭಾಗದ ಅಂಗಳಗಳಲ್ಲೂ ಬೇರು ಬಿಟ್ಟಿದೆ. ದಪ್ಪ ಕೊಂಬೆ, ಉದ್ದನೆಯ ಎಲೆ, ಹಳದಿ ಒಡಲಿನ ಬಿಳಿ ಹೂವು ಬಿಡುವ ಮರಕ್ಕೆ ನಮ್ಮಲ್ಲಿ ದೇವಗಣಗಿಲೆ ಎನ್ನುತ್ತಾರೆ. ದೇವ ಮತ್ತು ಕಣಗಿಲೆ ಸೇರಿ ದೇವಗಣಗಿಲೆ. ಹಾಗೆ ಸಮಾಸದಲ್ಲಿ ಮೂಡಿದ ಗಕಾರ ಕೆಲವರ ಬಾಯಲ್ಲಿ ಒಂಟಿ ಪದಕ್ಕೂ ಅಂಟಿಕೊಂಡು ಗಣಗಿಲೆ, ಗಣಗಲೆ ಎಂಬ ರೂಪಗಳೂ ಕೇಳುತ್ತವೆ. ಕಣಗಿಲ್, ಕಣಗಿಲು, ಕಣಗಲು, ಕಣಿಗಲೆ ಹೀಗೆ ಊರಿಗೊಂದು ಉಚ್ಚಾರವಿದೆ. ಎಲ್ಲಕ್ಕೂ ಮೂಲದಲ್ಲಿ ಗಿಡ ಒಂದೇ. ಸಪೂರ, ಗಟ್ಟಿ, ಕಡುಹಸಿರು ಎಲೆಗಳು ಗೆಣ್ಣಿಗೆ ಮೂರರಂತೆ ಸುತ್ತ ನಿಂತು, ತುದಿಯಲ್ಲಿ ಗೊಂಚಲು ಗೊಂಚಲಾಗಿ ಕೆಂಪು, ಗುಲಾಬಿ ಅಥವಾ ಬಿಳಿ ಹೂವು ಬಿಡುವ ಪೊದೆ. ಲಿನೇಯಸ್ 1753ರಲ್ಲಿ ನೀರಿಯಂ ಓಲಿಯಾಂಡರ್ ಎಂದು ಹೆಸರಿಟ್ಟದ್ದು ಇದಕ್ಕೇ. ನಮ್ಮ ಸುವಾಸನೆಯ ಗಿಡ ಬೇರೆ ಜಾತಿ ಎಂದುಕೊಂಡು ಸಸ್ಯಶಾಸ್ತ್ರಜ್ಞರು ಬಹುಕಾಲ ಅದನ್ನು ನೀರಿಯಂ ಇಂಡಿಕಂ, ನೀರಿಯಂ ಓಡೋರಂ ಎಂದೆಲ್ಲ ಕರೆದರು. ಈಗ ಎಲ್ಲವೂ ಒಂದೇ ಎಂದು ಒಪ್ಪಿದ್ದಾರೆ. ಕನ್ನಡಕ್ಕೆ ಅದು ಯಾವಾಗಲೂ ಒಂದೇ ಕಣಗಿಲೆಯಾಗಿತ್ತು.

ಈ ಪದದ ಒಡಹುಟ್ಟಿದವರು ಭಾರತದ ತುಂಬ ಇದ್ದಾರೆ. ತೆಲುಗಿನಲ್ಲಿ ಗನ್ನೇರು, ಮರಾಠಿಯಲ್ಲಿ ಕಣ್ಹೇರ, ಹಿಂದಿಯಲ್ಲಿ ಕನೇರ್. ಹಳೆಯ ತಮಿಳಿನಲ್ಲಿ ಕಣವೀರಂ. ಪಾಲಿಯಲ್ಲಿ ಕಣವೇರ, ಸಂಸ್ಕೃತದಲ್ಲಿ ಕರವೀರ, ಬಂಗಾಳಿಯಲ್ಲಿ ಕರಬಿ. ಗುಜರಾತಿಗೆ ಬಂದರೆ ಕರೇಣ್. ರೇಫವೂ ಣಕಾರವೂ ಅಲ್ಲಿ ಒಟ್ಟಿಗೇ ಇವೆ. ಯಾವುದರಿಂದ ಯಾವುದು ಬಂತು ಎಂಬುದರಲ್ಲಿ ನನ್ನ ಒಲವು ಹೀಗಿದೆ. ಸಂಸ್ಕೃತದ ಕರವೀರ ಕಿವಿಗೆ ಬಿದ್ದ ಕೂಡಲೇ ‘ಕೈಯ ವೀರ’ ಎಂಬ ಅರ್ಥ ಹೊಳೆಯುತ್ತದೆ, ಆದರೆ ಗಿಡಕ್ಕೂ ಆ ಅರ್ಥಕ್ಕೂ ನಂಟು ಕಾಣುವುದಿಲ್ಲ. ಕಣ ಎಂದು ಮೊದಲಾಗುವ ರೂಪಗಳು ದಕ್ಷಿಣದಲ್ಲೂ ಪ್ರಾಕೃತದ ಬಳಗದಲ್ಲೂ ದಟ್ಟವಾಗಿ ಹರಡಿವೆ. ಜನರ ಬಾಯಲ್ಲಿದ್ದ ಹೆಸರೊಂದಕ್ಕೆ ಪಂಡಿತರು ತಿಳಿದ ಅರ್ಥದ ಅಂಗಿ ತೊಡಿಸಿದಾಗ ಕರವೀರ ಆಗಿರಬಹುದು. ಕಿಟೆಲ್ ತಮ್ಮ 1894ರ ನಿಘಂಟಿನಲ್ಲಿ ಕನ್ನಡದ ರೂಪಗಳನ್ನು ಸೇರಿಸಿದ್ದಾರೆ. ಅಲ್ಲಿಂದಾಚೆಗಿನ ದಾರಿಯನ್ನು ಧ್ವನಿ ಬದಲಾವಣೆಗಳೇ ಹೇಳಬೇಕು. ಕೇಳಿಸಿದ್ದನ್ನೆಲ್ಲ ಇದಕ್ಕೆ ಜೋಡಿಸುವ ಆಸೆಯನ್ನೂ ತಡೆಯಬೇಕು. ಪುಟ್ಟಣ್ಣ ಕಣಗಾಲರ ಊರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು. ಹೆಸರು ಕೇಳಿದರೆ ಹೂವು ನೆನಪಾಗುತ್ತದೆ. ಆದರೆ ಕನ್ನಡದಲ್ಲಿ ರಾಶಿ ಮಾಡುವ ಕಣವೂ ಇದೆ, ಕಲ್ಲೂ ಇದೆ. ಊರ ಹೆಸರನ್ನು ಹಳೆಯ ದಾಖಲೆ ನೋಡದೆ ಬಿಡಿಸಬಾರದು.

ಅಮರಕೋಶ ಇದಕ್ಕೆ ಪ್ರತಿಹಾಸ, ಶತಪ್ರಾಸ, ಚಂಡಾತ, ಹಯಮಾರಕ ಎಂಬ ಬೇರೆ ಹೆಸರುಗಳನ್ನೂ ಕೊಡುತ್ತದೆ. ಹಯಮಾರಕ ಎಂದರೆ ಕುದುರೆಯನ್ನು ಕೊಲ್ಲುವಂಥದ್ದು. ಪಾರಸಿಯವರು ಖರ್‌ಜಹ್ರಾ, ಕತ್ತೆಯ ವಿಷ ಎಂದರು. ದಂಡು, ಸಾರ್ಥಗಳ ಜೊತೆ ಊರೂರು ಅಲೆಯುವ ಪ್ರಾಣಿಗಳು ಹೊಸ ನೆಲದಲ್ಲಿ ಹಸಿದು ಸಿಕ್ಕ ಸೊಪ್ಪಿಗೆ ಬಾಯಿ ಹಾಕಿ ಬಿದ್ದ ಅನುಭವ ಆ ಹೆಸರುಗಳ ಹಿಂದೆ ಇರಬೇಕು. ಊರಲ್ಲೇ ಮೇಯುವ ದನ, ಆಡುಗಳು ಹಸಿ ಕಣಗಿಲೆಯನ್ನು ಮೂಸಿ ಬಿಟ್ಟುಬಿಡುತ್ತವೆ, ಅದು ಅಷ್ಟು ಕಹಿ. ನಮ್ಮವರು ಅದನ್ನು ಬೇಲಿಗೆ ಹಾಕಿದ್ದಕ್ಕೆ ಈ ಕಹಿಯೇ ಕಾರಣ. ಕನ್ನಡದ ಹೆಸರಿನಲ್ಲಿ ಕೊಲ್ಲುವ ಮಾತಿಲ್ಲ.

ಕೊಲ್ಲುವ ಮಾತು ಬೇರೆ ದಾರಿಯಲ್ಲಿ ಬಂತು. ಪ್ರಾಚೀನ ಭಾರತದಲ್ಲಿ ಮರಣದಂಡನೆಗೆ ಒಳಗಾದವನ ಕೊರಳಿಗೆ ಕೆಂಪು ಕಣಗಿಲೆಯ ಮಾಲೆ ಹಾಕುತ್ತಿದ್ದರು. ಶೂದ್ರಕನ ‘ಮೃಚ್ಛಕಟಿಕ’ದ ಹತ್ತನೆಯ ಅಂಕದಲ್ಲಿ ನಿರಪರಾಧಿ ಚಾರುದತ್ತನನ್ನು ಚಾಂಡಾಲರು ವಧ್ಯಸ್ಥಾನಕ್ಕೆ ಕರೆದೊಯ್ಯುವಾಗ ಅವನ ಕೊರಳಲ್ಲಿರುವುದು ಕರವೀರದ ಮಾಲೆ. ಪಾಲಿಯ ಜಾತಕ ಕಥೆಗಳಲ್ಲಿ ಒಂದಕ್ಕೆ ಹೆಸರೇ ‘ಕಣವೇರ ಜಾತಕ’. ಕಾಶಿಯಲ್ಲಿ ಒಬ್ಬ ಕಳ್ಳ ಸಿಕ್ಕಿಬೀಳುತ್ತಾನೆ. ಕೈಗಳನ್ನು ಹಿಂದಕ್ಕೆ ಬಿಗಿದು, ಕೊರಳಿಗೆ ಕೆಂಪು ಕಣಗಿಲೆ ಹಾಕಿ, ತಲೆಗೆ ಇಟ್ಟಿಗೆಯ ಪುಡಿ ಎರಚಿ, ಚೌಕ ಚೌಕದಲ್ಲೂ ಚಾಟಿಯಿಂದ ಹೊಡೆಯುತ್ತ ಮೆರವಣಿಗೆ ಮಾಡಿಸುತ್ತಾರೆ. ಸಾಮಾ ಎಂಬ ವೇಶ್ಯೆ ಕಿಟಕಿಯಿಂದ ನೋಡಿ ಅವನಿಗೆ ಮನಸೋಲುತ್ತಾಳೆ. ಸಾವಿರ ನಾಣ್ಯ ಕೊಟ್ಟು ಅವನನ್ನು ಬಿಡಿಸುತ್ತಾಳೆ; ಅವನ ಬದಲಿಗೆ, ತನ್ನನ್ನು ನಂಬಿದ್ದ ಇನ್ನೊಬ್ಬ ಯುವಕನ ತಲೆ ಹೋಗುವಂತೆ ಮಾಡುತ್ತಾಳೆ. ಕಳ್ಳನಿಗೆ ಇದು ತಿಳಿಯುತ್ತದೆ. ಇವನಿಗೆ ಮಾಡಿದ್ದನ್ನು ನಾಳೆ ನನಗೂ ಮಾಡುವಳು ಎಂದುಕೊಂಡು ಅವಳನ್ನು ಉದ್ಯಾನಕ್ಕೆ ಕರೆದೊಯ್ದು, ಹೂಬಿಟ್ಟ ಕಣಗಿಲೆಯ ಪೊದೆಯ ಮರೆಯಲ್ಲಿ ಪ್ರಜ್ಞೆ ತಪ್ಪುವಷ್ಟು ಬಿಗಿಯಾಗಿ ಅಪ್ಪಿ, ಒಡವೆಗಳನ್ನು ಕಟ್ಟಿಕೊಂಡು ಪರಾರಿಯಾಗುತ್ತಾನೆ. ಕಥೆಯ ಒಂದು ತುದಿಯಲ್ಲಿ ಕಣಗಿಲೆ ಸಾವಿನ ಗುರುತು, ಇನ್ನೊಂದು ತುದಿಯಲ್ಲಿ ಪ್ರೇಮದ ಮರೆ, ಎರಡೂ ಕಡೆ ಮೋಸ. ಒಂದು ಗಿಡದ ಸ್ವಭಾವವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡ ಹಳೆಯ ಕಥೆ ನಾನು ಬೇರೆ ಓದಿಲ್ಲ.

ಸಾಯುವವನ ಕೊರಳಿನ ಹೂವು ದೇವರ ತಲೆಗೆ ಏರಿದ್ದು ಹೇಗೆ? ಎರಡೂ ಜೊತೆಜೊತೆಗೇ ನಡೆದವು ಎನ್ನುವುದು ಸರಿ. ರಕ್ತದ ಬಣ್ಣದ ಹೂವು ಬಲಿಗೆ ಹೋಗುವವನಿಗೂ, ಬಲಿಯನ್ನು ಕೇಳುವ ದೇವಿಗೂ, ಉದಯಿಸುವ ಸೂರ್ಯನಿಗೂ ಸಲ್ಲುತ್ತಿತ್ತು. ತಮಿಳಿನ ‘ತಿರುಮುರುಗಾಟ್ರುಪ್ಪಡೈ’ಯಲ್ಲಿ ಮುರುಗನ ಪೂಜೆಗೆ ಕಣವೀರದ ಮಾಲೆ ಬರುತ್ತದೆ. ಕನ್ನಡಿಗರು ನಡೆದುಕೊಳ್ಳುವ ಕೊಲ್ಹಾಪುರದ ಮಹಾಲಕ್ಷ್ಮಿಯ ಕ್ಷೇತ್ರಕ್ಕೆ ಕರವೀರ ಎಂಬ ಹೆಸರಿದೆ, ಅಲ್ಲಿನ ತಾಲ್ಲೂಕಿನ ಹೆಸರು ಇಂದಿಗೂ ಕರವೀರವೇ. ಗಣಪತಿ ಹಬ್ಬಕ್ಕೆ ಏರಿಸುವ 21 ಪತ್ರೆಗಳಲ್ಲಿ ಕರವೀರದ ಎಲೆಯೂ ಒಂದು. ಮಲವಗೊಪ್ಪದ ಚನ್ನಬಸವೇಶ್ವರನಿಗೆ ಕೈಮುಗಿದು ಹೋಗುವವರ ಮನೆಗಳಲ್ಲೂ ಶಿವಪೂಜೆಯ ಹೂಬುಟ್ಟಿಗೆ ಕಣಗಿಲೆ ಒಗ್ಗಿದ ಹೂವು. ತುಂಬೆ, ಎಕ್ಕ, ದತ್ತೂರಿಗಳನ್ನು ಒಪ್ಪಿದ ದೇವರು ಇದನ್ನು ಬೇಡ ಎನ್ನುವುದುಂಟೇ.

ಕಣಗಿಲೆಯ ಬಾಳಿನಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಘಟ್ಟ ಇದರ ಮುಂದಿನದು. 1492ರ ನಂತರ ಸಮುದ್ರದಾಚೆಯ ಗಿಡಗಳು ನಮ್ಮ ನೆಲಕ್ಕೆ ಬರತೊಡಗಿದವು. ಮೆಕ್ಸಿಕೋ, ಮಧ್ಯ ಅಮೆರಿಕಗಳ ಕಡೆಯಿಂದ ಹಳದಿ ಗಂಟೆಯಂಥ ಹೂವಿನ ಗಿಡ ಬಂತು; ಕನ್ನಡ ಅದನ್ನು ಹಳದಿ ಕಣಗಿಲೆ ಎಂದಿತು, ಕೆಲವೆಡೆ ಸಂಸ್ಕೃತದ ಕರವೀರವನ್ನೇ ಅದಕ್ಕೆ ಬಿಟ್ಟುಕೊಟ್ಟಿತು. ಅದೇ ದಿಕ್ಕಿನಿಂದ ಪ್ಲುಮೇರಿಯಾ ಬಂತು; ದೇವಸ್ಥಾನದ ಅಂಗಳದಲ್ಲಿ ನಿಂತು ದೇವಗಣಗಿಲೆ ಆಯಿತು. ಹೆಸರಿನಲ್ಲಿ ದೇವರಿದ್ದರೂ ಅದು ಇಲ್ಲಿಗೆ ಬಂದು ನೆಲೆಸಿ ಕೆಲವೇ ಶತಮಾನಗಳಾಗಿವೆ. ಮಡಗಾಸ್ಕರ್ ದ್ವೀಪದಿಂದ ಮೊಣಕಾಲೆತ್ತರದ, ವರ್ಷವಿಡೀ ಹೂಬಿಡುವ ಪುಟ್ಟ ಗಿಡ ಬಂತು. ನಿತ್ಯಪುಷ್ಪ, ಸದಾಪುಷ್ಪ ಎಂಬ ಹೆಸರುಗಳ ಜೊತೆಗೆ ಅದಕ್ಕೆ ಕಾಶಿ ಕಣಗಿಲೆ ಎಂಬ ಹೆಸರೂ ಬಂತು. ಸೀಮೆಎಣ್ಣೆ, ಸೀಮೆಬದನೆಗಳಲ್ಲಿ ‘ಸೀಮೆ’ ಮಾಡುವ ಕೆಲಸವನ್ನು ಇಲ್ಲಿ ‘ಕಾಶಿ’ ಮಾಡುತ್ತಿದೆ ಎಂದು ನನಗೆ ತೋರುತ್ತದೆ. ದೂರದಿಂದ ಬಂದದ್ದು, ಆದರೆ ನಮ್ಮದೇ ಕುಲದ್ದು.

ನಮ್ಮದೇ ಕುಲದ್ದು ಎಂದು ಹೆಸರಿಟ್ಟವರಿಗೆ ಗೊತ್ತಾದದ್ದು ಹೇಗೆ? ಒಂದು ಪೊದೆ, ಒಂದು ಗಿಡ್ಡ ಮರ, ಒಂದು ಎತ್ತರದ ಗಿಡ, ಒಂದು ನೆಲಮಟ್ಟದ ಸಸಿ. ಎಲೆಗಳಲ್ಲಿ ಹೋಲಿಕೆ ಕಡಿಮೆ. ಉತ್ತರ ಹೂವಿನಲ್ಲಿದೆ. ಒಂದೇ ಸುತ್ತಿನ ಎಸಳುಗಳ ಕಣಗಿಲೆಯ ಮೊಗ್ಗೊಂದನ್ನು, ಅರಳುವ ಹಿಂದಿನ ದಿನದ್ದನ್ನು, ತೊಟ್ಟು ಹಿಡಿದು ತಿರುಗಿಸಿ ನೋಡಬೇಕು. ಐದು ಎಸಳುಗಳು ಕೊಡೆ ಮಡಿಸಿದಂತೆ ಒಂದೇ ಕಡೆಗೆ ಸುತ್ತಿಕೊಂಡಿರುತ್ತವೆ. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆಚೆ ಪಕ್ಕದ್ದರ ಅಡಿಗೆ. ಅರಳಿದ ಮೇಲೂ ಎಸಳುಗಳಲ್ಲಿ ಆ ತಿರುವು ಉಳಿಯುತ್ತದೆ. ಹಳದಿ ಕಣಗಿಲೆ, ದೇವಗಣಗಿಲೆ, ಕಾಶಿ ಕಣಗಿಲೆ ಮೂರರಲ್ಲೂ ಇದೇ ಐದು ಎಸಳು, ಇದೇ ಸುತ್ತು. ಸೂಕ್ಷ್ಮವಾಗಿ ನೋಡಿದರೆ ಕೆಂಪು ಕಣಗಿಲೆಯ ಸುತ್ತು ಒಂದು ದಿಕ್ಕಿಗಾದರೆ, ಉಳಿದ ಮೂರರದು ಎದುರು ದಿಕ್ಕಿಗೆ. ಮನೆತನ ಒಂದೇ, ಕವಲು ಬೇರೆ. 1789ರಲ್ಲಿ ಪ್ಯಾರಿಸಿನ ಆಂಟ್ವಾನ್ ಲಾರಾಂ ದ ಜುಸ್ಸಿಯು ಸಸ್ಯಗಳನ್ನು ಕುಟುಂಬಗಳಾಗಿ ವಿಂಗಡಿಸಿದಾಗ ಅಪೋಸೈನೇಸಿ ಎಂಬ ಕುಟುಂಬ ರೂಪುಗೊಂಡಿತು. ಈ ನಾಲ್ಕೂ ಇಂದು ಆ ಕುಟುಂಬದಲ್ಲೇ ಇವೆ. ಅಂಗಳ ಗುಡಿಸಿ, ಹೂ ಕೊಯ್ದು, ಮಾಲೆ ಕಟ್ಟುತ್ತಿದ್ದ ಹೆಂಗಸರ ಕೈಗೆ ಆ ನಂಟು ಪುಸ್ತಕವಿಲ್ಲದೆ ತಿಳಿದಿತ್ತು. ಹೂವನ್ನು ದಿನವೂ ಬೆರಳಲ್ಲಿ ಹಿಡಿಯುವವರು ಇಟ್ಟ ಹೆಸರು ಇದು ಎಂದು ನಾನು ನಂಬುತ್ತೇನೆ.

ಯುರೋಪಿನವರು ಹೊಸ ನೆಲದ ಗಿಡಗಳಿಗೆ ಹೆಸರಿಟ್ಟ ಬಗೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಅವರಿಗೆ ಲಾರೆಲ್ ಎಂಬ ಪೂಜ್ಯ ಗಿಡವಿತ್ತು. ಗ್ರೀಕರು, ರೋಮನರು ಗೆದ್ದವರ ತಲೆಗೆ ಮುಡಿಸುತ್ತಿದ್ದದ್ದು ಅದರ ಎಲೆ. ನಮ್ಮ ಪಲಾವಿನೆಲೆ, ದಾಲ್ಚಿನ್ನಿಗಳ ಕುಟುಂಬದ್ದು. ಗಟ್ಟಿಯಾದ, ಹೊಳೆಯುವ, ಬಾಡದ ಎಲೆ ಕಂಡಲ್ಲೆಲ್ಲ ಅವರು ಲಾರೆಲ್ ಎಂದರು. ಫ್ರೆಂಚರಿಗೆ ನಮ್ಮ ಕಣಗಿಲೆ ‘ಗುಲಾಬಿ ಲಾರೆಲ್’ ಆಯಿತು. ಅಮೆರಿಕದ ಪೂರ್ವದ ಬೆಟ್ಟಗಳಲ್ಲಿ ಕಂಡ ಪೊದೆ ಮೌಂಟನ್ ಲಾರೆಲ್ ಆಯಿತು. ಅದು ಲಾರೆಲ್ಲೂ ಅಲ್ಲ, ಕಣಗಿಲೆಯೂ ಅಲ್ಲ, ರೋಡೋಡೆಂಡ್ರಾನ್ ಬಳಗದ್ದು. 1748ರಿಂದ ಆ ಸೀಮೆಯಲ್ಲಿ ಸುತ್ತಾಡಿದ ತನ್ನ ಶಿಷ್ಯ ಪೇರ್ ಕಾಲ್ಮ್‌ನ ಹೆಸರಿನಲ್ಲಿ ಲಿನೇಯಸ್ ಅದನ್ನು ಕಾಲ್ಮಿಯಾ ಎಂದು ಕರೆದ. ಈಗ ಅದು ಕನೆಕ್ಟಿಕಟ್ ಮತ್ತು ಪೆನ್ಸಿಲ್ವೇನಿಯಾ ರಾಜ್ಯಗಳ ಹೂವು. ಹುಳಿ ಮಣ್ಣು, ಅರೆನೆರಳು, ತಂಪು, ಬುಡಕ್ಕೆ ತೊಗಟೆಯ ಹೊದಿಕೆ, ಕೊರೆಯುವ ಚಳಿಗಾಲ, ಇವಿದ್ದರೆ ಅದು ಚೆನ್ನಾಗಿ ಬಾಳುತ್ತದೆ. ಭದ್ರೆಯ ಬಯಲಿನ ಬಿಸಿಲಿಗೆ ತಂದರೆ ಬದುಕುವ ಮಾತೇ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಅದು ಕಣಗಿಲೆಯ ಗೆಳತಿ: ಅದರ ಎಲೆಯೂ ವಿಷ, ಅದರ ಹತ್ತಿರದ ನೆಂಟನೊಂದಕ್ಕೆ ಅಲ್ಲಿಯವರು ‘ಕುರಿಮರಿ ಕೊಲ್ಲಿ’ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ನೆಲೆಸಿದ ನಮ್ಮ ಮಕ್ಕಳು ಹಿತ್ತಲಲ್ಲಿ ಅದನ್ನು ಬೆಳೆಸುವಾಗ ಕಣಗಿಲೆಗೆ ತೋರುವ ಎಚ್ಚರವನ್ನೇ ತೋರಬೇಕು.

ಮಲವಗೊಪ್ಪದಂಥ ಊರಿಗೆ, ಮಲೆನಾಡು ಮುಗಿದು ಬಯಲು ತೆರೆಯುವ ಜಾಗಕ್ಕೆ, ಕಣಗಿಲೆ ಹೇಳಿ ಮಾಡಿಸಿದ್ದು. ಆರಿದ್ರಾ, ಪುನರ್ವಸು ಮಳೆಗಳ ನಡುವೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ನೆಟ್ಟರೆ ಬೇರು ಬಿಡುತ್ತದೆ. ನೀರಿನ ಬಾಟಲಿಯಲ್ಲಿಟ್ಟರೂ ಬಿಡುತ್ತದೆ. ಆ ನೀರನ್ನು ಮಕ್ಕಳಾಗಲಿ ಬೆಕ್ಕಾಗಲಿ ಮುಟ್ಟದ ಕಡೆ ಇಡಬೇಕು, ಅದಕ್ಕೂ ವಿಷ ಇಳಿದಿರುತ್ತದೆ. ದೇವಗಣಗಿಲೆಯ ಕೊಂಬೆಗೆ ಇದರ ತದ್ವಿರುದ್ಧ ಉಪಚಾರ: ಕಡಿದ ಕೂಡಲೇ ನೆಟ್ಟರೆ ಕೊಳೆಯುತ್ತದೆ, ಹಾಲು ಆರಿ ಗಾಯ ಒಣಗಲು ಒಂದು ವಾರ ನೆರಳಲ್ಲಿ ಮಲಗಿಸಬೇಕು. ಕಾಶಿ ಕಣಗಿಲೆಗೆ ಉಪಚಾರವೇ ಬೇಡ, ಬೀಜ ಸಿಡಿದು ಅದೇ ಹುಟ್ಟುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರು ಯಾರಿಗೇ ಕಡ್ಡಿ ಕೊಟ್ಟರೂ, ‘ತಗಳಮ್ಮ, ಬಿಸ್ಲಿಗೆ ನೆಡು, ಬುಡದಾಗೆ ನೀರು ನಿಲ್ಲಿಸ್ಬ್ಯಾಡ, ಕೈ ತೊಳ್ಕೊಂಡು ಒಳಗೆ ಹೋಗು’ ಎನ್ನುತ್ತಾರೆ. ಕಣಗಿಲೆಯ ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿದೆ.

ಬಿಸಿಲು ಯಾಕೆ ಎಂದರೆ, ಎಲೆಯ ಕೆಳಬದಿಯಲ್ಲಿ ಉಸಿರುರಂಧ್ರಗಳು ಸಣ್ಣ ಗುಳಿಗಳೊಳಗೆ, ಕೂದಲಿನ ಮರೆಯಲ್ಲಿ ಕೂತಿವೆ. ತೇವ ಬೇಗ ಆರದು. ಹೆದ್ದಾರಿಯ ನಡುಪಟ್ಟಿಯ ಕಾದ ಮಣ್ಣಿನಲ್ಲಿ, ಲಾರಿಗಳ ಹೊಗೆಯಲ್ಲಿ ಇದು ಹೂಬಿಟ್ಟು ನಿಲ್ಲುವುದಕ್ಕೆ ಇದೇ ಗುಟ್ಟು. ನೆರಳಲ್ಲಿ ನೆಟ್ಟರೆ ಗಿಡ ಎತ್ತರಕ್ಕೆ ಹೋಗುತ್ತದೆ, ಹೂವು ಬಿಡುವುದಿಲ್ಲ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಹೂವಿನ ಭರ ಇಳಿದ ಮೇಲೆ ಮೂರನೇ ಒಂದು ಭಾಗ ಸವರಬೇಕು. ಗೆಣ್ಣಿಗೆ ಮೂರು ಎಲೆಯಿರುವುದರಿಂದ ಕತ್ತರಿಸಿದ ಪ್ರತಿ ತುದಿಯಿಂದ ಮೂರು ಕವಲು ಒಡೆಯುತ್ತವೆ. ಎಳೆ ಚಿಗುರಿಗೆ ಮುತ್ತುವ ಅರಿಶಿನ ಬಣ್ಣದ ಹೇನುಗಳನ್ನು ನೀರು ರಭಸವಾಗಿ ಬಿಟ್ಟು ತೊಳೆದರೆ ಸಾಕು, ಔಷಧ ಹೊಡೆಯುವ ಅವಸರ ಬೇಡ. ಅವಸರ ಬೇಡ ಎನ್ನುವುದಕ್ಕೆ ಕಾರಣ ಎಲೆಯಡಿಯಲ್ಲಿದೆ. ಕಪ್ಪು ಕೊಂಬುಗಳಿರುವ ಪಟ್ಟೆ ಪಟ್ಟೆಯ ಹುಳುವೊಂದು ಕಣಗಿಲೆಯ ಎಲೆ ತಿಂದೇ ಬೆಳೆಯುತ್ತದೆ. ಕುದುರೆಗೆ ಮೃತ್ಯುವಾದ ರಸ ಅದಕ್ಕೆ ಅನ್ನ.  ಆಮೇಲೆ ತಲೆಕೆಳಗಾಗಿ ತೂಗಿ ಕೋಶ ಕಟ್ಟುತ್ತದೆ. ಬೆಳ್ಳಿಯ ಹೊಳಪಿನ, ನೋಡುವವರ ಬೆರಳು ಅದರಲ್ಲಿ ಕಾಣುವಷ್ಟು ನಯವಾದ ಕೋಶ. ಅದರಿಂದ ಬರುವುದು ಬಿಳಿ ಚುಕ್ಕೆಯ ಅಂಚಿನ ಕಂದುಗಪ್ಪು ಚಿಟ್ಟೆ.

ಮನುಷ್ಯರಿಗೆ ಆ ಜೀರ್ಣಶಕ್ತಿ ಇಲ್ಲ. ಕಣಗಿಲೆಯ ಎಲೆ, ಹೂ, ತೊಗಟೆ, ಬೇರು ಎಲ್ಲದರಲ್ಲೂ ಓಲಿಯಾಂಡ್ರಿನ್ ಮೊದಲಾದ ವಸ್ತುಗಳಿವೆ. ಅವು ಹೃದಯದ ಜೀವಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂಗಳನ್ನು ಹೊರಗೆ ಒಳಗೆ ಸಾಗಿಸುವ ವ್ಯವಸ್ಥೆಯನ್ನೇ ತಡೆಯುತ್ತವೆ. ವಾಂತಿ, ತಲೆಸುತ್ತು, ನಾಡಿ ನಿಧಾನವಾಗಿ ಬಡಿತ ತಪ್ಪುವುದು, ಹೀಗೆ ಏರುತ್ತದೆ. ಹಳದಿ ಕಣಗಿಲೆಯ ಬೀಜ ಇನ್ನೂ ಅಪಾಯ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಅದರ ವಿಷಬಾಧೆ ಎಷ್ಟು ದೊಡ್ಡ ಸಮಸ್ಯೆಯಾಗಿತ್ತೆಂದರೆ, ಪ್ರತಿವಿಷವೊಂದನ್ನು ಅಲ್ಲಿ ಪರೀಕ್ಷಿಸಿದ ಫಲಿತಾಂಶ 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಗುವೊಂದು ಎಲೆ ಅಗಿದರೆ ಮನೆಮದ್ದು ಹುಡುಕುತ್ತ ಕೂರದೆ, ಗಿಡದ ತುಂಡನ್ನೂ ಹಿಡಿದುಕೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡಬೇಕು. ಸವರಿದ ಕೊಂಬೆಗಳನ್ನು ಸುಡಬಾರದು, ಹೊಗೆಯೂ ಕೆಟ್ಟದ್ದು. ಕತ್ತರಿಸಿದ ಹುಲ್ಲಿನ ಜೊತೆ ಬೆರೆಸಿ ಹಾಕಲೂಬಾರದು. ಹಸಿಯನ್ನು ಮುಟ್ಟದ ದನ, ಒಣಗಿ ಹುಲ್ಲಿನಲ್ಲಿ ಬೆರೆತದ್ದನ್ನು ತಿಳಿಯದೆ ತಿನ್ನುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ.

2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂವನ್ನು ಬಳಸಬಾರದೆಂದು ತೀರ್ಮಾನಿಸಿತು. ಈ ಸುದ್ದಿಯನ್ನು ಕನ್ನಡದಲ್ಲಿ ಅಕ್ಷರಶಃ ಓದಿದವರಿಗೆ ಅಶ್ವತ್ಥಕಟ್ಟೆ ನೆನಪಾಗಬೇಕು, ಏಕೆಂದರೆ ನಮಗೆ ಅರಳಿ ಎಂದರೆ ಅಶ್ವತ್ಥ. ಮಲಯಾಳ, ತಮಿಳುಗಳಲ್ಲಿ ಅರಳಿ ಎಂದರೆ ಕಣಗಿಲೆ. ಕಣವೀರಂ ತಮಿಳಿನಲ್ಲಿ ಹಳೆಯ ಪದ್ಯಗಳಿಗೆ ಸರಿದು ಅರಳಿ ಉಳಿಯಿತು. ಸೇಲಂ ಕಡೆ ಹೊಲಗಟ್ಟಲೆ ಬೆಳೆದು ಮಾರುಕಟ್ಟೆಗೆ ತರುವುದು ಅರಳಿ ಹೂವನ್ನೇ. ಇಂಥ ಎಚ್ಚರಿಕೆ ಗಡಿ ದಾಟಿ ಬರುವಾಗ ಹೆಸರು ಸರಿಯಾಗಿ ಬದಲಾಗದಿದ್ದರೆ ಎಚ್ಚರಿಕೆಯೇ ಕಳೆದುಹೋಗುತ್ತದೆ.

ನಮ್ಮಲ್ಲೂ ಅಂಥ ಕಳೆಯುವಿಕೆ ಶುರುವಾಗಿದೆ, ಅದಕ್ಕೇ ಈ ಪದದ ಬೆನ್ನು ಹತ್ತಿದ್ದು. ನರ್ಸರಿಗಳಲ್ಲಿ ಈಗ ಕುಂಡಕ್ಕೊಂದು ಚೀಟಿ: ಓಲಿಯಾಂಡರ್, ಪ್ಲುಮೇರಿಯಾ, ವಿಂಕಾ, ಥಿವೇಷಿಯಾ. ನಾಲ್ಕು ಹೆಸರುಗಳಿಗೂ ಒಂದಕ್ಕೊಂದು ಸಂಬಂಧ ಕಾಣುವುದಿಲ್ಲ. ಕೆಂಪು ಕಣಗಿಲೆ, ದೇವಗಣಗಿಲೆ, ಕಾಶಿ ಕಣಗಿಲೆ, ಹಳದಿ ಕಣಗಿಲೆ ಎಂದು ಬರೆದಿದ್ದರೆ, ಒಂದು ವಿಷ ಎಂದು ತಿಳಿದವರಿಗೆ ಉಳಿದ ಮೂರರ ಮೇಲೂ ಕಣ್ಣಿರುತ್ತಿತ್ತು. ಎಲ್ಲದರ ತೀವ್ರತೆ ಒಂದೇ ಅಲ್ಲ, ನಿಜ. ದೇವಗಣಗಿಲೆಯ ಹಾಲು ಮುಖ್ಯವಾಗಿ ಚರ್ಮಕ್ಕೆ ಉರಿ ತರುವಂಥದ್ದು. ಕಾಶಿ ಕಣಗಿಲೆಯಲ್ಲಿರುವ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್‌ಗಳು ಇಂದು ಕ್ಯಾನ್ಸರಿನ ಮದ್ದುಗಳು. ಆಸ್ಪತ್ರೆಯಲ್ಲಿ ಅಳೆದು ಕೊಟ್ಟರೆ ಮದ್ದು, ಸಕ್ಕರೆ ಕಾಯಿಲೆಗೆಂದು ಯಾರೋ ಹೇಳಿದರೆಂದು ಮನೆಯಲ್ಲಿ ಎಲೆ ಅಗಿದರೆ ಅಪಾಯ. ಮದ್ದು, ವಿಷಗಳ ಈ ನೆಂಟಸ್ತಿಕೆಯೂ ಆ ಮನೆತನದ್ದೇ.

ಹಾಗಾಗಿ ನರ್ಸರಿಯವರಲ್ಲಿ, ತೋಟಗಾರಿಕೆ ಮೇಳಗಳಲ್ಲಿ ಮಳಿಗೆ ಹಾಕುವವರಲ್ಲಿ ನನ್ನ ಕೇಳಿಕೆ ಇಷ್ಟು. ಚೀಟಿಯಲ್ಲಿ ಲ್ಯಾಟಿನ್ ಹೆಸರು ಇರಲಿ, ಅದರ ಮೇಲೆ ದಪ್ಪಕ್ಷರದಲ್ಲಿ ಕಣಗಿಲೆ ಎಂದು ಬರೆಯಿರಿ, ಕೆಳಗೆ ‘ತಿನ್ನುವಂಥದ್ದಲ್ಲ, ಮುಟ್ಟಿದ ಮೇಲೆ ಕೈ ತೊಳೆಯಿರಿ’ ಎಂದು ಒಂದು ಸಾಲು ಸೇರಿಸಿ. ಗಣಪತಿಗೆ ಪತ್ರೆ ಏರಿಸುವ ಮನೆಗಳಲ್ಲಿ ಕರವೀರದ ಎಲೆಯನ್ನು ಗರಿಕೆ, ತುಳಸಿಗಳ ಜೊತೆ ಒಂದೇ ತಟ್ಟೆಯಲ್ಲಿ ಬೆರೆಸದೆ ಬೇರೆ ಒಂದು ಎಲೆಯ ಮೇಲಿಡಿ, ಪೂಜೆಯಾದ ಮೇಲೆ ಅದನ್ನು ಪ್ರಸಾದದ ಹೂವಿಗೆ ಸೇರಿಸದೆ ನೇರ ಗುಂಡಿಗೆ ಹಾಕಿ. ದನದ ಕೊಟ್ಟಿಗೆಯ ಕಡೆಗೆ ಮಾತ್ರ ಬೇಡ.